ನಾನು ಗುಡಿಸಿದ ಬೂದಿ

ನನಗೆ ಹಾವಿನ ಭಯ ಇಲ್ಲ. ಇದನ್ನು ಕೇಳಿದವರು ಗಟ್ಟಿಗಿತ್ತಿ ಅನ್ನುತ್ತಾರೆ. ಅನ್ನಲಿ. ಹಾವಿಗಿಂತ ಹೆಚ್ಚು ಕೇಡು ಮಾಡಿದವಳು ನಾನು, ಅದಕ್ಕೆ ಅಂಜಿ ಏನು ಮಾಡಲಿ?

ಮದುವೆಯಾಗಿ ಕಲ್ಯಾಣಿಗೆ ಬಂದಾಗ ನನಗೆ ಹದಿನಾರು. ಈಗ ಬಸವಕಲ್ಯಾಣ ಅನ್ನುವ ಊರನ್ನು ಆಗ ನಾವು ಕಲ್ಯಾಣಿ ಅನ್ನುತ್ತಿದ್ದೆವು. ಮನೆಯಲ್ಲಿ ಅತ್ತೆ, ನಮ್ಮವರು, ನಾನು. ನಾದಿನಿಯನ್ನು ಹುಲಸೂರಿಗೆ ಕೊಟ್ಟಿತ್ತು. ನನಗಿಂತ ಒಂದು ವರ್ಷ ಚಿಕ್ಕವಳು. ಅವಳು ತವರಿಗೆ ಬಂದ ದಿನಗಳಲ್ಲಿ ಮಾತ್ರ ನಾನು ಆ ಮನೆಯಲ್ಲಿ ಗಟ್ಟಿಯಾಗಿ ನಗುತ್ತಿದ್ದೆ. ಅತ್ತೆ ಕೆಟ್ಟವರಲ್ಲ, ಬಾಯಿ ಜೋರು. ಬೈಯಲು ನಿಂತರೆ ನನ್ನ ತವರಿನ ಏಳು ತಲೆಮಾರನ್ನು ಕರೆದು ಅಂಗಳದಲ್ಲಿ ಸಾಲಾಗಿ ಕೂಡಿಸುತ್ತಿದ್ದರು.

ಜಗತ್ತಿನ ದೊಡ್ಡ ಲಡಾಯಿ ನಡೆದಿದ್ದ ಕಾಲ. ಆ ವರ್ಷ ಆಷಾಢದ ಕೊನೆಗೆ, ನಾಗರ ಪಂಚಮಿಗೆ ಇನ್ನೂ ಎಂಟು ದಿನ ಇರುವಾಗ, ಜೋಳ ತುಂಬಿಡುವ ಖೋಲಿಯಲ್ಲಿ ಅತ್ತೆ ನಾಗರಹಾವು ಕಂಡರು. ಗೋಡೆ ಮಣ್ಣಿನದು, ಮೊಳಕ್ಕಿಂತ ದಪ್ಪ. ಆಚೆ ಬದಿಗೆ ದನದ ಕೊಟ್ಟಿಗೆ. ಇಲಿಗಳು ಕೊಟ್ಟಿಗೆಯ ಕಡೆಯಿಂದ ಬಿಲ ತೋಡಿದ್ದವು; ಬೆವರು ಸುರಿಸಿದ್ದು ಇಲಿ, ಸಂಸಾರ ಹೂಡಿದ್ದು ಹಾವು. ನಮ್ಮಲ್ಲಿ ಮನೆಗೆ ಬಂದ ನಾಗಪ್ಪನನ್ನು ಹೊಡೆಯುವುದಿಲ್ಲ, ಅದೂ ಪಂಚಮಿ ಬಾಗಿಲಲ್ಲಿ ನಿಂತಾಗ. ನಮ್ಮವರು ಹುಮನಾಬಾದಿಗೆ ಹೋಗಿ ಹಾವು ಹಿಡಿಯುವ ಮುದುಕನನ್ನು ಕರೆತಂದರು.

ಮುದುಕ ಖೋಲಿಯಲ್ಲಿ ಬಹಳ ಹೊತ್ತು ಹುಡುಕಿದ. ಹಾವು ಗೋಡೆಯ ಹೊಟ್ಟೆಯೊಳಗೆ ಸೇರಿತ್ತು. ಜಿಟಿಜಿಟಿ ಮಳೆಯಲ್ಲಿ ಗೋಡೆ ಒಡೆದರೆ ಮಾಳಿಗೆಯೇ ಕುಸಿಯುತ್ತದೆ. ಆಗ ಅವನು ನನ್ನನ್ನು ಕೊಟ್ಟಿಗೆಗೆ ಕರೆದು, ಬಿಲದ ಬಾಯಿಯ ಮುಂದೆ ಸಣ್ಣಗೆ ಜರಡಿ ಹಿಡಿದ ಒಲೆಯ ಬೂದಿ ಹರಡಿಸಿದ. ಬೆರಳಿನಿಂದ ಡೊಂಕುಡೊಂಕಾಗಿ ಗೆರೆ ಎಳೆದು ತೋರಿಸಿದ.

"ನೋಡು ತಂಗಿ, ಹಾವು ಮೈ ಹಿಂದಕ್ಕ ಒತ್ತಿ ಮುಂದಕ್ಕ ಹೋಗತದ. ಬೂದಿ ಗೋಡಿ ಕಡಿ ಒಟ್ಟಿದ್ರ ಅದು ಹೊರಗ ಹೋಗ್ಯಾದ ಅಂತ ತಿಳಿ. ಈ ಕಡಿ ಒಟ್ಟಿದ್ರ ಒಳಗ ಬಂದದ. ದಿನಾ ಸಂಜಿಗಿ ಹಾಕು, ಮುಂಜಾನಿ ಯಾರೂ ತುಳಿಯೂದರೊಳಗ ನೋಡು. ಹೊರಗ ಹೋಗಿದ್ದು ಖಾತ್ರಿ ಆದಮ್ಯಾಲೇ ಬಿಲ ಮುಚ್ಚು. ಒಳಗಿದ್ದಾಗ ಮುಚ್ಚಿದಿ ಅಂದ್ರ, ಅದು ನಿಮ್ಮ ಖೋಲ್ಯಾಗ ಹಾದಿ ಹುಡುಕತದ."

ಪಂಚಮಿಯ ದಿನಗಳಲ್ಲಿ ಅವನಿಗೆ ಹಾವಿನ ಬುಟ್ಟಿ ಹೊತ್ತು ಊರೂರು ತಿರುಗುವ ಕೆಲಸ. ಹಬ್ಬ ಮುಗಿಸಿ ಬರುತ್ತೇನೆ, ಅಲ್ಲಿಯ ತನಕ ಖೋಲಿಗೆ ಕೈ ಹಾಕಬೇಡಿ ಎಂದು ಹೇಳಿ ಹೋದ.

ದಿನವೂ ಬೂದಿ ಹಾಕಿದೆ. ಹಾವು ಇಲಿ ನುಂಗಿ ಮಲಗಿತ್ತೋ ಏನೋ, ಗುರುತೇ ಮೂಡಲಿಲ್ಲ. ಇತ್ತ ಹಬ್ಬ ಹತ್ತಿರವಾಯಿತು. ಚೌತಿ, ಪಂಚಮಿ ಎರಡು ದಿನ ನಮ್ಮಲ್ಲಿ ಮಣ್ಣು ಅಗೆಯುವಂತಿಲ್ಲ, ಮೆತ್ತುವಂತಿಲ್ಲ. ಚೌತಿಗೆ ನಾದಿನಿ ತವರಿಗೆ ಬರುವವಳಿದ್ದಳು. ಅದರ ಹಿಂದಿನ ದಿನ, ರೊಟ್ಟಿ ಹಬ್ಬದ ಮುಂಜಾನೆ, ಬಿಲ ಮುಚ್ಚಿದರೆ ಮುಚ್ಚಬೇಕು, ಇಲ್ಲದಿದ್ದರೆ ಹಬ್ಬ ಮುಗಿಯುವ ತನಕ ಇಲ್ಲ.

ಆ ಮುಂಜಾನೆ ನಾನು ಕೊಟ್ಟಿಗೆ ಗುಡಿಸಿದೆ.

ಬೇಕಂತ ಅಲ್ಲ. ಹೊತ್ತು ಹುಟ್ಟುವುದರೊಳಗೆ ಸೊಸೆಯಾದವಳು ಸಗಣಿ ಬಳಿದು ಕಸ ಗುಡಿಸಬೇಕು; ಕೈಗೆ ಅದೊಂದೇ ಗೊತ್ತು. ಲಡಾಯಿಯ ದೆಸೆಯಿಂದ ದೀಪಕ್ಕೆ ಘಾಸಲೇಟ್ ಎಣ್ಣೆ ಸಿಗುತ್ತಿರಲಿಲ್ಲ, ಕತ್ತಲಲ್ಲೇ ಗುಡಿಸುತ್ತಿದ್ದೆ. ಕಸಬರಿಗೆಯ ತುದಿಗೆ ಬೂದಿ ಹಾರಿ ಮೂಗಿಗೆ ಬಡಿದಾಗ ಎಚ್ಚರಾಯಿತು. ಕೂತು ತಡಕಾಡಿ ನೋಡಿದೆ. ಅರ್ಧ ಅಂಗೈಯಷ್ಟೂ ಉಳಿದಿರಲಿಲ್ಲ.

ಅತ್ತೆ ಬಾಗಿಲಿಗೆ ಬಂದು ಕೇಳಿದರು, "ಏನಾತು? ಗುರ್ತು ಕಂಡದೇನು?"

ಗುಡಿಸಿಬಿಟ್ಟೆ ಅಂದಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು. ಎಮ್ಮೆ ಅನ್ನುತ್ತಿದ್ದರು, ತವರಿನವರನ್ನು ಒಂದು ಸುತ್ತು ಕರೆಯುತ್ತಿದ್ದರು, ಹೊತ್ತೇರುವುದರೊಳಗೆ ಮರೆಯುತ್ತಿದ್ದರು. ಹಬ್ಬದ ಮುಂಜಾನೆ ನನಗೆ ಬೈಸಿಕೊಳ್ಳುವುದು ಬೇಡವಾಗಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

"ಹೂಂನ್ರಿ," ಅಂದೆ. "ಹೊರಗ ಹೋಗ್ಯಾದ್ರಿ."

"ಛಲೋ ಆತು. ನಾಗಪ್ಪ ತಾನಾಗೇ ಹಾದಿ ಹಿಡಿದ," ಎಂದು ಅತ್ತೆ ಕೈ ಮುಗಿದರು. ನಾನು ಕಲ್ಲು ತುರುಕಿ, ಹುಲ್ಲು ಕಲಸಿದ ಮಣ್ಣು ಮೆತ್ತಿ ಬಿಲ ಮುಚ್ಚಿದೆ. ಗಟ್ಟಿಯಾಗಿಯೇ ಮುಚ್ಚಿದೆ. ಹೋಗಿದ್ದರೂ ಹೋಗಿರಬಹುದು ಎಂದು ಮಧ್ಯಾಹ್ನದ ಹೊತ್ತಿಗೆ ನಾನೇ ನಂಬತೊಡಗಿದೆ. ಸಂಜೆಗೆ ಹಬ್ಬಕ್ಕೆ ಕಟ್ಟಿದ ಉಂಡಿಯ ಬುಟ್ಟಿಯನ್ನು ಅದೇ ಖೋಲಿಯಲ್ಲಿ, ಜೋಳ ತುಂಬಿದ ಗುಮ್ಮಿಯ ಪಕ್ಕದಲ್ಲಿ ಇಟ್ಟೆವು.

ಪಂಚಮಿಯ ದಿನ ಊಟವಾದ ಮೇಲೆ ನಾದಿನಿ ಗೆಳತಿಯರೊಡನೆ ಜೋಕಾಲಿ ಆಡಲು ಹೊರಟಳು. ಉಡಿಯಲ್ಲಿ ನಾಲ್ಕು ಉಂಡಿ ಹಾಕಿಕೊಂಡು ಬರುತ್ತೇನೆಂದು ಖೋಲಿಗೆ ಹೋದವಳು ಕೈ ಹಿಡಿದುಕೊಂಡು ಹೊರಗೆ ಬಂದಳು. ಮುಖದಲ್ಲಿ ಇನ್ನೂ ನಗು ಇತ್ತು. "ವೈನಿ, ಏನೋ ಕಡೀತು ನೋಡ್ರಿ," ಅಂದಳು.

ಹಣಮಪ್ಪನ ಗುಡಿಗೆ ಎತ್ತಿಕೊಂಡು ಹೋದರು. ವಿಷ ಏರಿದ್ದರೆ ಕಹಿ ತಿಳಿಯುವುದಿಲ್ಲ ಎಂದು ಬೇವಿನ ಎಲೆ ಜಗಿಸಿದರು. "ಕಹಿ ಹತ್ತತದೇನವ್ವ?" ಎಂದು ಅತ್ತೆ ಕೇಳಿದರು. ಇಲ್ಲ ಎಂದು ತಲೆಯಾಡಿಸಿದಳು. ನಮ್ಮವರು ಬಂಡಿ ಹೂಡಿದರು, ಹುಮನಾಬಾದಿನ ದವಾಖಾನೆಗೆ. ಎತ್ತುಗಳನ್ನು ಎಷ್ಟು ಬಡಿದರೂ ಕೆಸರಿನ ಹಾದಿ ಮುಗಿಯಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು, ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ನಾಲಿಗೆ ಹೊರಳದ ದನಿಯಲ್ಲಿ ಕೇಳಿದಳು, "ವೈನಿ, ಬಿಲ ನೀವೇ ಮುಚ್ಚೀರಿ ಅಂತಲ್ಲ? ಮತ್ತ ಅದು ಹ್ಯಾಂಗ ಬಂತು?"

ಆಗಲಾದರೂ ಹೇಳಬೇಕಿತ್ತು. "ಮಾತಾಡಬ್ಯಾಡವ್ವ, ದಣಿವಾಗತದ," ಅಂದೆ. ಅರ್ಧ ಹಾದಿಯಿಂದ ಬಂಡಿ ತಿರುಗಿಸಿಕೊಂಡು ಬಂದೆವು.

ಮೂರನೆಯ ದಿನ ಮುದುಕ ಬಂದು ಗುಮ್ಮಿಯ ಹಿಂದಿನಿಂದ ಹಾವು ಹಿಡಿದು ಚೀಲಕ್ಕೆ ಹಾಕಿದ. ಕೊಟ್ಟಿಗೆಗೆ ಹೋಗಿ ಮುಚ್ಚಿದ ಬಿಲ ನೋಡಿದ. "ಇದು ಹೊರಗ ಹೋಗಿದ್ದೇ ಇಲ್ರಿ ಅವ್ವಾರ. ಬೂದಿ ಯಾರು ನೋಡಿದ್ರು?" ಎಂದ.

ಅಳುತ್ತ ಕೂತಿದ್ದ ಅತ್ತೆ ಸೆಟೆದು ಎದ್ದರು. "ನನ್ನ ಸೊಸಿ ನೋಡ್ಯಾಳ. ಆಕಿ ಸುಳ್ಳ ಹೇಳಾಕಿ ಅಲ್ಲ. ಹೊರಗ ಹೋಗಿದ್ದು ಬ್ಯಾರೇ ಹಾವು. ನನ್ನ ಮಗಳ ಆಯುಷ್ಯ ಅಷ್ಟೇ ಇತ್ತು, ನೀ ಆಕಿ ಮ್ಯಾಲ ಹಾಕಬ್ಯಾಡ."

ಮುದುಕ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ಚೀಲ ಎತ್ತಿಕೊಂಡು ನಡೆದ. ಆ ದಿನದಿಂದ ಅತ್ತೆ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಮಗಳನ್ನು ಕರೆದ ಹಾಗೆ ಕರೆದರು. ಬೈದಿದ್ದರೆ ಬದುಕುತ್ತಿದ್ದೆ.

ಮುಂದೆ ಓಣಿಯಲ್ಲಿ ಯಾರ ಮನೆಗೆ ಹಾವು ಹೊಕ್ಕರೂ ಅತ್ತೆ, "ನಮ್ಮ ಸೊಸಿಗಿ ಬೂದಿ ನೋಡಾಕ ಬರತದ, ಕರಕೊಂಡು ಹೋಗ್ರಿ," ಎಂದು ಕಳಿಸುತ್ತಿದ್ದರು. ಒಲ್ಲೆ ಅನ್ನಲು ಬಾಯಿ ಎಲ್ಲಿತ್ತು? ಅತ್ತೆ ತೀರಿದ ಮೇಲೂ ಕರೆ ನಿಲ್ಲಲಿಲ್ಲ. ಒಮ್ಮೆ ಒಬ್ಬ ಬಾಣಂತಿ ಕೂಸನ್ನು ಎದೆಗವಚಿಕೊಂಡು ನನ್ನ ಹಿಂದೆ ನಿಂತು, "ಮುಚ್ಚಲೇನ್ರಿ?" ಎಂದು ಕೇಳಿದಳು. ಬೂದಿಯಲ್ಲಿ ಗುರುತು ಸ್ಪಷ್ಟವಾಗಿತ್ತು, ಗೋಡೆಯ ಕಡೆಗೆ ಒಟ್ಟಿತ್ತು. ಹಾವು ಹೊರಗೆ ಹೋಗಿತ್ತು. "ಒಳಗದವ್ವ, ಮುಚ್ಚಬ್ಯಾಡ," ಅಂದೆ. ಅವಳು ಮಲಗಲು ಪಕ್ಕದ ಮನೆಗೆ ಹೋದಳು. ಹೋದ ಹಾವು ಮರಳಿ ಬರಲು ನಾನೇ ಹಾದಿ ಬಿಟ್ಟು ಬಂದಿದ್ದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮುಚ್ಚು ಎನ್ನಲು ನಾಲಿಗೆ ಏಳಲಿಲ್ಲ.