ಗೋಡೆಗೆ ಬಡಿದ ಅಂಗಿಗಳು

ಹಳೆಯ ಬ್ಯಾಟರಿಯನ್ನು ಎರಡೇ ಏಟಿಗೆ ಒಡೆಯುತ್ತಿದ್ದುದರಿಂದ ಶೆಡ್ಡಿನಲ್ಲಿ ಆಕೆಗೆ ಕೊಡಲಿಯಕ್ಕ ಎಂಬ ಹೆಸರು ಬಿತ್ತು. ಹನ್ನೊಂದು ವರ್ಷ ಅದೊಂದೇ ಕೆಲಸ: ಡಬ್ಬ ಸೀಳುವುದು, ಆಸಿಡ್ ಚೆಲ್ಲುವುದು, ಒಳಗಿನ ಸೀಸದ ಪ್ಲೇಟುಗಳನ್ನು ಕಿತ್ತು ಕುಲುಮೆಯತ್ತ ಎಸೆಯುವುದು. ಅಲ್ಲಿ ಸೀಸ ಕರಗಿಸುವವರು ಗಂಡ ಮತ್ತು ಮೈದುನ. ಆಕೆಯ ಮೊಣಕಾಲ ಕೆಳಗೆಲ್ಲ ಆಸಿಡ್ ತಿಂದ ಗುಳಿಗಳು. ಕೇಳಿದವರಿಗೆ, "ನಾಯಿ ಕಚ್ಚಿದ್ರೆ ಇಂಜೆಕ್ಷನ್ ಆದ್ರೂ ಕೊಡ್ತಾರೆ" ಎನ್ನುತ್ತಿದ್ದಳು.

ಮೊದಲ ಮಗು ಹುಟ್ಟಿದ ಒಂಬತ್ತನೆಯ ದಿನ ಸೆಟೆದುಕೊಂಡು, ಆಕೆಯ ತೋಳಿನಲ್ಲೇ ನೀಲಿಗಟ್ಟಿ ಸತ್ತಿತು. ಎರಡನೆಯ ಬಾರಿ ಮುಟ್ಟು ನಿಂತ ವಾರವೇ ಕೊಡಲಿಯನ್ನು ಮನೆಗೆ ತಂದು ಮೂಲೆಗಿಟ್ಟವಳು ಮತ್ತೆ ಶೆಡ್ಡಿನ ಕಡೆ ತಲೆಹಾಕಿಯೂ ಮಲಗಲಿಲ್ಲ.

ಹೆಣ್ಣು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಶೆಡ್ಡಿನ ಕೆಲಸದವರೇ ತುಂಬಿದ್ದ ಆ ಬೀದಿಯ ಕೂಸುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಆಸ್ಪತ್ರೆಯವರು ಪರೀಕ್ಷೆಗೆ ಕಳಿಸುತ್ತಿದ್ದರು. ಎರಡು ವಾರದ ಮೇಲೆ ನರ್ಸ್ ವರದಿ ತಂದಳು.

"ಸೀಸ ಇದೆ ಕಣಮ್ಮ. ಜಾಸ್ತೀನೇ ಇದೆ."

"ಸುಳ್ಳು! ಬಸುರಿ ಅಂತ ಗೊತ್ತಾದ್ಮೇಲೆ ಅಲ್ಲಿ ಕಾಲಿಟ್ಟಿಲ್ಲ ಸಿಸ್ಟರ್."

"ಹಳೇದು ನಿನ್ನ ಮೂಳೇಲಿ ಕೂತಿರುತ್ತೆ. ಆದ್ರೆ ಇಷ್ಟೊಂದು? ಮನೇಲಿ ಏನು ಮಾಡ್ತಿದ್ದೆ?"

"ಏನು ಮಾಡ್ಲಿ? ಅಡುಗೆ. ಬಟ್ಟೆ ಒಗೆಯೋದು."

"ಯಾರ ಬಟ್ಟೆ?"

ಆಕೆ ಗೋಡೆಯತ್ತ ತಿರುಗಿ ನೋಡಿದಳು. ಕೊಳಾಯಿಯಲ್ಲಿ ನೀರು ಬರುತ್ತಿದ್ದುದು ಅರ್ಧ ಗಂಟೆ. ಹಾಗಾಗಿ ಗಂಡಸರಿಬ್ಬರ ಅಂಗಿಗಳನ್ನು ಮೊದಲು ಗೋಡೆಗೆ ಬಡಿದು, ಪುಡಿ ಉದುರಿಸಿ, ಆಮೇಲೆ ನೆನೆಸುತ್ತಿದ್ದಳು. ಪಕ್ಕದ ಮನೆಯವರ ಮೇಲೆ ಧೂಳು ಬೀಳಬಾರದೆಂದು ಬಾಗಿಲು ಕಿಟಕಿ ಮುಚ್ಚಿಕೊಂಡು ಬಡಿಯುತ್ತಿದ್ದಳು. ತುಂಬಿದ ಹೊಟ್ಟೆ ಹೊತ್ತು, ಬೂದಿಬಣ್ಣದ ಮೋಡದೊಳಗೆ ನಿಂತು, ದಿನವೂ.

"ಒಳಗೆ ಹೋಗಿದ್ದನ್ನ ತೊಳೆಯೋಕಾಗಲ್ಲ," ಎಂದಳು ನರ್ಸ್. "ಇನ್ನು ಹೋಗದ ಹಾಗೆ ನೋಡ್ಕೊ."

ಅಂದು ಸಂಜೆ ಗಂಡ, ಮೈದುನ ಶೆಡ್ಡಿನಿಂದ ಬಂದಾಗ ಆಕೆ ಕೊಡಲಿ ಹಿಡಿದು ಹೊಸ್ತಿಲಲ್ಲಿದ್ದಳು.

"ಎಲ್ಲ ಅಲ್ಲೇ ಬಿಚ್ಚಿ."

"ಬೀದೀಲಾ? ತಲೆ ಕೆಟ್ಟಿದೆಯೇನೇ?"

"ಬಾಣಂತಿ ಸನ್ನಿ ಕಣಣ್ಣ," ಮೈದುನ ನಕ್ಕ. "ಒಂದು ಬಿಟ್ರೆ ಇಳಿಯುತ್ತೆ."

ಗಂಡ ಆಕೆಯ ಜಡೆ ಹಿಡಿದು ತಲೆಯನ್ನು ಬಾಗಿಲಿಗೆ ಅಪ್ಪಳಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಒಳಗೆ ಕೂಸು ಕಿರುಚಿತು. ಅವನು ಅದರತ್ತ ಒಂದು ಹೆಜ್ಜೆ ಇಟ್ಟನಷ್ಟೇ. ಕೊಡಲಿ ಅವನ ಕಿವಿಯ ತುದಿಯನ್ನು ಹಾರಿಸಿಕೊಂಡು ಬಾಗಿಲ ಚೌಕಟ್ಟನ್ನು ಕಚ್ಚಿತು.

"ನಂದು ಎರಡೇ ಏಟು ಅಂತ ಗೊತ್ತಲ್ಲ," ಏದುಸಿರಿನಲ್ಲೇ ಹೇಳಿದಳು. "ಇದು ಒಂದಾಯ್ತು."

ಮೈದುನನೇ ಮೊದಲು ಅಂಗಿ ಬಿಚ್ಚಿದ.

ಮರುದಿನದಿಂದ ಇಬ್ಬರೂ ಶೆಡ್ಡಿನಲ್ಲೇ ಮಿಂದು, ಬಟ್ಟೆ ಬದಲಿಸಿ ಬರತೊಡಗಿದರು. ಆಕೆ ಗೋಡೆ, ನೆಲ, ಪಾತ್ರೆಯ ತಳಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮತ್ತೆ ಬಂದ ನರ್ಸ್ ಚೌಕಟ್ಟಿನಲ್ಲೇ ಉಳಿದಿದ್ದ ಕೊಡಲಿಯನ್ನು ತೋರಿಸಿ, "ಅದೂ ಅಲ್ಲೀದೇ ಅಲ್ವೇನಮ್ಮ?" ಎಂದಾಗ ಅದನ್ನು ಕಿತ್ತು ಗಂಡನ ಕೈಗೆ ಕೊಟ್ಟು, ಶೆಡ್ಡಿಗೆ ವಾಪಸು ಕಳಿಸಿದಳು.

ಆರನೆಯ ತಿಂಗಳಲ್ಲಿ ಕೂಸಿನ ರಕ್ತವನ್ನು ಮತ್ತೆ ತೆಗೆದರು.

"ಅರ್ಧ ಇಳಿದಿದೆ," ಎಂದಳು ನರ್ಸ್.

"ಇನ್ನರ್ಧ?"

ನರ್ಸ್ ಕೂಸಿನ ಬೆರಳಿಗೆ ಹತ್ತಿ ಒತ್ತಿ ಹಿಡಿದಳು. ಕೂಸು ಕೈ ಕಿತ್ತುಕೊಂಡು ಅವಳ ಕೆನ್ನೆಗೇ ಬಾರಿಸಿತು.