ಬಾಳಿಕೆ ಬರುವ ಬೂಟು

ನಮ್ಮ ಮನೆಯ ಅಟ್ಟದ ಮೇಲೆ ಎರಡು ಜೊತೆ ಬೂಟುಗಳು ಒಂಬತ್ತು ವರ್ಷ ಸುಖವಾಗಿದ್ದವು. ಪ್ರತಿ ದೀಪಾವಳಿಗೆ ನಮ್ಮ ಮನೆಯವರು ಅವನ್ನು ಕೆಳಗಿಳಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಳಗಿನ ಡಾಂಬರು ಗುಳಿಗೆಗಳನ್ನು ಬದಲಿಸಿ, “ನೋಡು, ಹೆಂಗ ತಂದಿದ್ವಿ ಹಂಗ ಅದಾವ” ಎಂದು ನನಗೊಮ್ಮೆ ತೋರಿಸಿ ಮತ್ತೆ ಮೇಲಿಡುತ್ತಿದ್ದರು. ಆ ಒಂಬತ್ತು ವರ್ಷಗಳಲ್ಲಿ ಅವು ಕ್ರಮಿಸಿದ ದೂರವೆಂದರೆ ಅಟ್ಟದಿಂದ ನೆಲದವರೆಗೆ, ಅದೂ ಅವರ ಕೈಯಲ್ಲಿ.

ನಮ್ಮವರ ಹೆಸರು ಶಿವಶರಣಪ್ಪ. ನೀರೆತ್ತುವ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಅವರು ಬಹುಕಾಲ ಉಗ್ರಾಣ ನೋಡಿಕೊಂಡರು. ಅವರ ಉಗ್ರಾಣದಿಂದ ಒಂದು ತಿರುಪುಮೊಳೆಯೂ ಕಳೆದುಹೋಗಲಿಲ್ಲವೆಂದು ಬೀಳ್ಕೊಡುಗೆಯ ದಿನ ಮೇಲಧಿಕಾರಿಗಳು ಹೊಗಳಿದರು. ಅಲ್ಲಿಂದ ಒಂದು ತಿರುಪುಮೊಳೆಯನ್ನು ಹೊರಗೆ ತರಿಸುವುದು ಎಷ್ಟು ಕಷ್ಟವೆಂಬುದನ್ನು ಅದೇ ಸಭೆಯಲ್ಲಿ ಕುಳಿತಿದ್ದ ಉಳಿದವರು ಬಲ್ಲರು, ಆದರೆ ಅವರನ್ನು ಮಾತನಾಡಲು ಕರೆದಿರಲಿಲ್ಲ. ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಮದುವೆಯಾಗಿ ಕಲಬುರ್ಗಿಯ ಕಡೆಯಿಂದ ಹೈದರಾಬಾದಿನ ಮೆಹದಿಪಟ್ಟಣಂಗೆ ಬಂದಂದಿನಿಂದ ನಿಂತುಕೊಂಡೇ ದುಡಿದೆ. ಗಾಜಿನ ಕೊಳವೆಗಳ ಮುಂದೆ ಯಾರೂ ಕುಳಿತುಕೊಳ್ಳುವುದಿಲ್ಲ.

ಬೂಟುಗಳ ಆಸೆ ನನ್ನದು. ಎರೆಮಣ್ಣಿನ ಬಯಲಲ್ಲಿ ಬೆಳೆದವಳಿಗೆ ಮೋಡವೆಂದರೆ ಬಹಳ ಎತ್ತರದಲ್ಲಿ ತನ್ನ ಪಾಡಿಗೆ ತಾನು ಹೋಗುವ ಪರಕೀಯ ವಸ್ತು. ಬೆಟ್ಟದ ಮೇಲೆ ಅದು ಮನುಷ್ಯರ ನಡುವೆಯೇ ಓಡಾಡುತ್ತದೆ ಎಂದು ಕೇಳಿದ್ದೆ, ಒಮ್ಮೆ ನೋಡಬೇಕೆಂದಿದ್ದೆ. “ರಿಟೈರ್ ಆಗೂಣು, ಆಮ್ಯಾಲ ವಾರವಾರ ಗುಡ್ಡ ಹತ್ತೂಣು” ಎಂದ ಇವರು, ಮಾತು ಬರೀ ಮಾತಲ್ಲವೆಂದು ತೋರಿಸಲು ದಿಲ್‌ಸುಖ್‌ನಗರದ ಅಂಗಡಿಯೊಂದಕ್ಕೆ ಕರೆದೊಯ್ದು ಇಬ್ಬರಿಗೂ ಬೂಟು ಕೊಡಿಸಿದರು. ಹತ್ತು ವರ್ಷ ಇವಕ್ಕೆ ಏನೂ ಆಗದು ಎಂದು ಅಂಗಡಿಯವನು ಹೇಳಿದ. ಏನೂ ಆಗಬಾರದೆಂಬುದೇ ಇವರ ಇಚ್ಛೆಯೂ ಆಗಿದ್ದರಿಂದ ವ್ಯವಹಾರ ಬೇಗ ಮುಗಿಯಿತು.

ಇವರು ನಿವೃತ್ತರಾದರು, ನಾನೂ ಆದೆ. ಅಷ್ಟರಲ್ಲಿ ನನ್ನ ಎಡ ಮೊಣಕಾಲು ನಮ್ಮಿಬ್ಬರಿಗಿಂತ ಮೊದಲೇ ನಿವೃತ್ತಿ ಪಡೆದಿತ್ತು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸವೆಯಬೇಕಾದದ್ದೆಲ್ಲ ಸವೆದಿದೆ, ಕೀಲು ಬದಲಿಸಲೇಬೇಕು, ಅದಕ್ಕೆ ಮೊದಲು ಎಲ್ಲಿಗಾದರೂ ನಡೆಯುವ ಆಸೆಯಿದ್ದರೆ ನಿಧಾನವಾಗಿ ನಡೆದುಬಿಡಿ ಎಂದರು. ಮನೆಗೆ ಬಂದು ಅನಂತಗಿರಿ ಬೆಟ್ಟಕ್ಕೆ ಹೋಗೋಣವೆಂದೆ. ಮೊದಲ ಭಾನುವಾರ ಇವರು ಬಾಲ್ಕನಿಯಲ್ಲಿ ನಿಂತು ಆಕಾಶ ನೋಡಿ “ಮೋಡ ಐತಿ” ಎಂದರು. ಎರಡನೆಯ ಭಾನುವಾರ “ಬಿಸಲ ಭಾಳ ಐತಿ” ಎಂದರು. ಮೂರನೆಯ ಭಾನುವಾರ ಮೋಡ, ಬಿಸಿಲು ಎರಡೂ ಅರ್ಧರ್ಧ ಇದ್ದುದರಿಂದ ಯಾವುದನ್ನು ದೂರಬೇಕೆಂದು ತಿಳಿಯದೆ ಅಟ್ಟಕ್ಕೆ ಏಣಿ ಹಾಕಿದರು.

ನನ್ನ ಬೂಟು ನನಗೆ ಹಿಡಿಯಲಿಲ್ಲ. ಬೂಟು ಇದ್ದಂತೆಯೇ ಇತ್ತು, ಪಾದ ಅಗಲವಾಗಿತ್ತು. ಲ್ಯಾಬಿಗೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ಶೂಗಳನ್ನೇ ಮೆಟ್ಟಿಕೊಂಡೆ. ಇವರ ಬೂಟು ಇವರಿಗೆ ಸರಿಯಾಗಿ ಕೂತಿತು, ಹೊಸತರಂತೆ ಹೊಳೆಯಿತು. ನನ್ನ ಕಾಲ ಕಡೆ ಒಮ್ಮೆ ನೋಡಿ, ನನಗೆ ಬೇಸರವಾಗದಿರಲೆಂದು ಏಣಿ ಎತ್ತಿಡಲು ಹೋದರು.

ವಿಕಾರಾಬಾದಿನವರೆಗೆ ಬಸ್ಸು, ಅಲ್ಲಿಂದ ಆಟೋ. ಕಾಡಿನ ಕಾಲುದಾರಿ ಹಿಡಿದಾಗ ಬಿಸಿಲಿತ್ತು. ಸ್ವಲ್ಪ ಹೊತ್ತಿಗೆ ಸಣ್ಣ ಹನಿ ಬಿತ್ತು. ಕೊಡೆ ಬಿಚ್ಚುವಷ್ಟರಲ್ಲಿ ನಿಂತಿತು, ಮಡಿಸುವಷ್ಟರಲ್ಲಿ ಮತ್ತೆ ಬಂತು. ಒಂದೆಡೆ ಸಣ್ಣ ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದೆವು. ನೀರು ಹಿಮ್ಮಡಿಯನ್ನೂ ಮುಟ್ಟಲಿಲ್ಲ. ನಾನು ಕೋಲೂರಿಕೊಂಡು ಹಿಂದೆ, ಇವರು ಮುಂದೆ. ಹೀಗೆ ನಡೆಯುತ್ತಿರುವಾಗ ದಾರಿಯ ಮೇಲೆ ಕಪ್ಪು ಕಪ್ಪು ಚೂರುಗಳು ಕಾಣತೊಡಗಿದವು. ಆಡಿನ ಹಿಕ್ಕೆ ಇರಬೇಕೆಂದುಕೊಂಡೆ. ಈ ಆಡು ನಮ್ಮ ಮುಂದೆಯೇ ಹೋಗುತ್ತಿದೆಯಲ್ಲ, ಕಾಣುವುದಿಲ್ಲವಲ್ಲ ಎಂದು ಬಹಳ ದೂರ ಆಶ್ಚರ್ಯಪಟ್ಟೆ. ಕೊನೆಗೆ ಇವರು ಒಂದು ಹೆಜ್ಜೆ ಎತ್ತಿದಾಗ ಪಾದ ಮೇಲೆ ಬಂತು, ಬೂಟಿನ ತಳ ಕೆಸರಿನಲ್ಲೇ ಉಳಿಯಿತು.

ನಮ್ಮವರು ಅದನ್ನು ಎತ್ತಿ ಹಿಡಿದರು. ಒತ್ತಿದರೆ ಹಳೆಯ ರೊಟ್ಟಿಯಂತೆ ಪುಡಿಪುಡಿಯಾಗಿ ಉದುರಿತು. “ಹತ್ತ ವರ್ಷ ಇನ್ನಾ ಆಗಿಲ್ಲ” ಎಂದರು, ಅಂಗಡಿಯವನು ಅಲ್ಲೇ ಎಲ್ಲೋ ಮರದ ಹಿಂದೆ ನಿಂತಿರುವನೋ ಎಂಬಂತೆ.

ಹಿಂದಿರುಗೋಣವೆಂದು ತಿರುಗಿದೆವು. ಆಗ ಮಳೆ ತನ್ನ ಚೆಲ್ಲಾಟವನ್ನೆಲ್ಲ ಬಿಟ್ಟು ಗಂಭೀರವಾಯಿತು. ಮರಗಳ ಬುಡ ಕಾಣದಷ್ಟು ದಟ್ಟವಾಗಿ ಸುರಿಯಿತು. ಇಳಿಜಾರಿನ ಕೆಮ್ಮಣ್ಣಿನ ಮೇಲೆ ಎರಡನೆಯ ಬೂಟೂ ತಳ ಬಿಟ್ಟಿತು, ಇವರು ಜಾರಿದರು, ಹತ್ತು ಮಾರು ಕೆಳಗೆ ಒಂದು ಬಂಡೆಗೆ ತಡೆದು ನಿಂತರು. ನಾನು ಕುಳಿತುಕೊಂಡೇ ಸರಿಯುತ್ತ ಸರಿಯುತ್ತ ಅವರ ಬಳಿ ಹೋಗುವಷ್ಟರಲ್ಲಿ ಅವರ ಕಣಕಾಲು ಊದತೊಡಗಿತ್ತು, ಮುಖ ಬಿಳಿಚಿತ್ತು. ಪ್ರಾಣವಿದೆ ಎಂದು ಖಾತ್ರಿಯಾದ ಕೂಡಲೇ ನನಗೆ ವಿಪರೀತ ಸಿಟ್ಟು ಬಂತು.

ಹೈದರಾಬಾದಿನಲ್ಲಿ ಇಷ್ಟು ವರ್ಷ ಬಾಳಿದ್ದರ ಒಂದು ಅನುಕೂಲವೆಂದರೆ, ಗಂಡ ಹೆಂಡತಿ ರಸ್ತೆಯಲ್ಲೇ ಕನ್ನಡದಲ್ಲಿ ಜಗಳವಾಡಬಹುದು. ಸುತ್ತಲಿನವರು ಏನೋ ತರಕಾರಿಯ ವಿಚಾರ ಎಂದುಕೊಂಡು ಹೋಗುತ್ತಾರೆ. ಆ ಅಭ್ಯಾಸಬಲದಿಂದ ಕಾಡಿನ ನಡುವೆ ಗಂಟಲೆತ್ತಿ ಅಂದೆ: “ಒಂಬತ್ತ ವರ್ಷ ಅಟ್ಟದ ಮ್ಯಾಲ ಇಟ್ರಿ! ಗುಡ್ಡ ಹತ್ತೂಣು, ಹತ್ತೂಣು ಅನಕೋತ ನನ್ನ ಕಾಲ ಹ್ವಾದವು. ನನ್ನ ಮೊಣಕಾಲೂ ಬಿಚ್ಚಿ ಡಾಂಬರ ಗುಳಿಗಿ ಹಾಕಿ ಅಟ್ಟದ ಮ್ಯಾಲ ಇಡಬೇಕಿತ್ತಿಲ್ಲ? ಅವಾದ್ರೂ ಉಳೀತಿದ್ವು!”

ಆ ಮಾತು ಎಷ್ಟು ವರ್ಷದಿಂದ ನನ್ನೊಳಗೆ ಇತ್ತೋ ನನಗೇ ಗೊತ್ತಿರಲಿಲ್ಲ. ಇವರು ನನ್ನನ್ನೇ ನೋಡಿದರು. ಅವರ ಕನ್ನಡಕದ ಮೇಲಿಂದ ನೀರು ಇಳಿಯುತ್ತಿತ್ತು, ಮಳೆಯದೇ ಇರಬೇಕು.

“ಆತು ಬಿಡ್ರೀ ಯವ್ವಾ. ಬೈಯೂದಿದ್ರ ಕೆಳಗ ಹ್ವಾದ ಮ್ಯಾಲ ಬೈರಿ. ಮದ್ಲ ಅವರ್ನ ಎಬ್ಬಸ್ರಿ” ಎಂದಿತು ಒಂದು ದನಿ.

ತಿರುಗಿ ನೋಡಿದರೆ, ಸಿಮೆಂಟ್ ಚೀಲವನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡ ಹೆಂಗಸೊಬ್ಬಳು ದಾರಿಯ ಮೇಲೆ ನಿಂತಿದ್ದಳು. ಹೆಸರು ಹುಲಿಗೆಮ್ಮ, ಯಾದಗಿರಿಯ ಕಡೆಯವಳು. ಬೆಟ್ಟದ ಕೆಳಗೆ ಯಾರದೋ ತೋಟದ ಮನೆಗೆ ಕಾಂಪೌಂಡ್ ಗೋಡೆ ಕಟ್ಟುವ ತಂಡದಲ್ಲಿದ್ದಳು. ಹಿಂದಿನ ದಿನದ ಮಳೆಗೆ ಕೆಲಸ ನಿಂತದ್ದರಿಂದ ಬೆಟ್ಟದ ಗುಡಿಗೆ ಕಾಯಿ ಒಡೆಸಲು ಬಂದು ಹಿಂದಿರುಗುತ್ತಿದ್ದಳು. ಇಷ್ಟನ್ನೂ ಅವಳು ನಮ್ಮವರ ಕಾಲು ತಿರುವಿ ನೋಡುತ್ತಲೇ ಹೇಳಿದಳು. ಮೂಳೆ ಮುರಿದಿಲ್ಲ, ಉಳುಕಿದೆ ಎಂದಳು. ಕೊಪ್ಪೆಯನ್ನು ತೆಗೆದು, ಹಲ್ಲಿನಿಂದ ಕಚ್ಚಿ ಉದ್ದಕ್ಕೆ ಹರಿದು, ಒಂದು ಪಟ್ಟಿಯಿಂದ ಕಣಕಾಲನ್ನು ಬಿಗಿದಳು. ಅವಳ ತಲೆ, ಮೈ ಎಲ್ಲ ತೊಯ್ದು ತೊಪ್ಪೆಯಾಗುತ್ತಿತ್ತು. ಅದು ಅವಳ ಲೆಕ್ಕದಲ್ಲಿ ಸಂಗತಿಯೇ ಆಗಿರಲಿಲ್ಲ.

ಉಳಿದ ಪಟ್ಟಿಗಳಿಂದ ಬೂಟನ್ನೂ ಕಟ್ಟಬಹುದೇ ಎಂದು ಇವರು ಕೇಳಿದರು. ಹುಲಿಗೆಮ್ಮ ತನ್ನ ಹವಾಯಿ ಚಪ್ಪಲಿಗಳನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ತಗದ ಒಗೀರಿ ಎಪ್ಪಾ. ಬರಿಗಾಲಿಗಿ ಬಳ್ಳ ಅದಾವ, ನೆಲಾ ಹಿಡೀತಾವ. ಬೂಟಿಗಿ ಎಲ್ಲಿ ಬಳ್ಳ?” ಎಂದು ತನ್ನ ಕಾಲ್ಬೆರಳುಗಳನ್ನು ಅಗಲಿಸಿ ತೋರಿಸಿದಳು. ಹಾಗೆ ನಮ್ಮ ಮನೆಯವರು ಬರಿಗಾಲಾದರು. ಬೂಟುಗಳನ್ನು ಮಾತ್ರ ಒಗೆಯಲಿಲ್ಲ, ಲೇಸಿನಿಂದ ಗಂಟು ಹಾಕಿ ಕೊರಳಿಗೆ ತೂಗಿಕೊಂಡರು.

ಬರುವಾಗ ಕಲ್ಲು ಮೆಟ್ಟಿ ದಾಟಿದ್ದ ಹಳ್ಳ ಈಗ ಹಳ್ಳವಾಗಿರಲಿಲ್ಲ. ಕಲ್ಲುಗಳು ಕಾಣುತ್ತಿರಲಿಲ್ಲ, ಕೆಂಪು ನೀರು ಕೊಂಬೆಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ನಾನು ಈಗಲೇ ದಾಟಿಬಿಡೋಣವೆಂದೆ, ಇವರು ನಿಲ್ಲೋಣವೆಂದರು. ಹುಲಿಗೆಮ್ಮ ನೀರಿನಂಚಿಗೆ ಒಂದು ಕಡ್ಡಿ ನೆಟ್ಟು ಕುಳಿತಳು. “ಈ ಸಲ ಯಜಮಾನ್ರು ಹೇಳೂದ ಖರೆ ಐತ್ರಿ” ಎಂದಳು. ‘ಈ ಸಲ’ ಎಂಬ ಮಾತಿನಿಂದ ಅವಳು ನಮ್ಮ ಜಗಳವನ್ನು ಮೊದಲಿನಿಂದಲೂ ಕೇಳಿದ್ದಳೆಂದು ತಿಳಿಯಿತು. ಮಳೆ ನಿಂತು ಬಿಸಿಲು ಬಂತು, ಹಕ್ಕಿಗಳು ಕೂಗಿದವು, ಮತ್ತೆ ಹನಿಯಿತು. ಕೊನೆಗೆ ನೀರು ಕಡ್ಡಿಯ ಬುಡ ಬಿಟ್ಟು ಒಂದು ಗೇಣು ಹಿಂದೆ ಸರಿದಾಗ ಅವಳು ನಡುವೆ ನಿಂತು ನಮ್ಮಿಬ್ಬರ ಮುಂಗೈಗಳನ್ನು ಹಿಡಿದಳು. ಮೊಣಕಾಲುದ್ದದ ನೀರು ನನ್ನ ಸವೆದ ಕೀಲನ್ನು ಪಕ್ಕಕ್ಕೆ ಒತ್ತಿದಾಗ, ಆಯಿತು, ಇನ್ನು ಹೋದೆ ಎಂದುಕೊಂಡೆ. ಹೋಗಲಿಲ್ಲ. ಇಟ್ಟಿಗೆ ಹೊತ್ತ ಆ ಕೈ ಸಡಿಲಿಸುವ ಜಾತಿಯದಲ್ಲ.

ಆಚೆ ದಡದಲ್ಲಿ ನಾನು ಅವಳ ಕೈ ಬಿಡದೆ ಅತ್ತೆ. “ಅಳೂದ್ಯಾಕ್ರಿ, ದಾಟಿದ್ವಲ್ಲ” ಎಂದಳು ಹುಲಿಗೆಮ್ಮ. ಆಟೋ ನಿಲ್ಲುವ ಜಾಗದವರೆಗೆ ಬಂದು, ಕೊಡಲು ಹೋದ ಕೊಡೆಯನ್ನು ಬಹಳ ಬಲವಂತದ ಮೇಲೆ ತೆಗೆದುಕೊಂಡು, ಅದನ್ನು ಬಿಚ್ಚದೆ ಕಂಕುಳಲ್ಲಿ ಇಟ್ಟುಕೊಂಡೇ ಮಳೆಯಲ್ಲಿ ಹೋದಳು.

ಕಾಲು ವಾಸಿಯಾದ ಮೇಲೆ ಇವರು ಬೂಟುಗಳನ್ನು ಮೆಹದಿಪಟ್ಟಣಂ ಬಸ್ ನಿಲ್ದಾಣದ ಬಳಿ ಕೂರುವ ಮುದುಕ ಚಮ್ಮಾರನ ಹತ್ತಿರ ಒಯ್ದರು. ನಾನೂ ಜೊತೆಗಿದ್ದೆ. ಆತ ಒಂದು ಚೂರನ್ನು ಬೆರಳಲ್ಲಿ ಹೊಸೆದು, “ಪೆಹ್ನೇಚ್ ನೈ?” ಎಂದ. ಹಾಕಿಕೊಂಡೇ ಇಲ್ಲವೇ ಎಂದು. ಜೋಪಾನವಾಗಿ ಇಟ್ಟಿದ್ದೆ ಎಂದರು ಇವರು. ಮುದುಕ ತನ್ನ ದಖನಿ ಉರ್ದುವಿನಲ್ಲಿ ವಿವರಿಸಿದ: ಹಾಕಿ ಸವೆಸಿದ ಬೂಟಾದರೆ ಹೊಸ ತಳ ಹೊಲಿದು ಕೊಡುತ್ತೇನೆ, ಈ ತಳದ ಮೆತ್ತೆ ಡಬ್ಬಿಯೊಳಗೇ ಗಾಳಿಯ ತೇವ ಕುಡಿದು ಕೊಳೆಯುತ್ತದೆ, ನಡೆದಿದ್ದರೆ ಇಷ್ಟು ಬೇಗ ಸಾಯುತ್ತಿರಲಿಲ್ಲ. ತಳಕ್ಕೆ ಹೇಳುವ ಇಂಗ್ಲಿಷಿನ ಸೋಲ್ ಕನ್ನಡದವರ ಬಾಯಲ್ಲಿ ಸೋಲು ಆಗುವುದನ್ನು ಅಂದು ಮೊದಲ ಸಲ ಗಮನಿಸಿದೆ.

ಗೆಳೆಯರೇ, ‘ಬಾಳಿಕೆ’ ಎಂಬ ಮಾತನ್ನು ನಾವೆಲ್ಲ ಅಂಗಡಿಯಲ್ಲಿ ಮಾತ್ರ ಬಳಸುತ್ತೇವೆ. ಅದರ ಹೊಟ್ಟೆಯೊಳಗೆ ಬಾಳು ಇದೆಯೆಂಬುದು ನೆನಪಿಗೆ ಬರುವುದಿಲ್ಲ. ಬಾಳದೆ ಇದ್ದದ್ದು ಬಾಳಿಕೆ ಬರುವುದಾದರೂ ಹೇಗೆ? ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳುತ್ತದೆ. ದಿನವೂ ಉಟ್ಟ ನೂಲಿನ ಸೀರೆ ಸವೆದು ಸವೆದು ಕೊನೆಗೆ ಕೂಸಿನ ಜೋಳಿಗೆಯಾಗಿ ತೂಗುತ್ತದೆ. ನನ್ನ ಮೊಣಕಾಲಿನ ಮೇಲೂ ನನಗಿದ್ದ ದೂರು ಅಂದು ಸ್ವಲ್ಪ ಕಡಿಮೆಯಾಯಿತು. ಪಾಪ, ಅದು ಸವೆದದ್ದು ನಡೆದು. ಆದರೆ ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಏಕೆಂದರೆ ಕಾಡಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಂತಾಗುತ್ತಿತ್ತು.

ಮಾರನೆಯ ದಿನ ಇವರು ಏಣಿ ಹಾಕಿ, ಅತಿಥಿಗಳಿಗೆಂದು ಎತ್ತಿಟ್ಟಿದ್ದ ಪಿಂಗಾಣಿ ಕಪ್ಪುಗಳನ್ನು ಇಳಿಸಿ ಚಹಾ ಸೋಸಿದರು. ಮೂರನೆಯ ದಿನ ಒಂದು ಕಪ್ಪು ಕೈಜಾರಿ ಒಡೆಯಿತು. ನಾನು ಉಸಿರು ಹಿಡಿದು ನಿಂತೆ. ಇವರು ಚೂರುಗಳನ್ನು ಗುಡಿಸಿ, ಸಾಲಿನಲ್ಲಿದ್ದ ಮತ್ತೊಂದು ಕಪ್ಪನ್ನು ಎತ್ತಿಕೊಂಡರು.

ಇವರಿಗೆ ಹೊಸ ಬೂಟು ಕೊಳ್ಳಲು ಹೋದಾಗ ಅಂಗಡಿಯಲ್ಲಿ ತೆಲುಗು ಹೆಂಗಸೊಬ್ಬಳಿದ್ದಳು. ಕಾಲು ಊದಿಕೊಂಡಿರುವ ಸಂಜೆಯ ಹೊತ್ತಿಗೆ ಬಂದದ್ದು ಒಳ್ಳೆಯದಾಯಿತು ಎಂದಳು. ದಪ್ಪ ಕಾಲುಚೀಲ ಹಾಕಿಸಿ, ಅಲ್ಲಿದ್ದ ಮರದ ಇಳಿಜಾರಿನ ಮೇಲೆ ಹತ್ತಿಸಿ ಇಳಿಸಿದಳು. ಇಳಿಯುವಾಗ ಹೆಬ್ಬೆರಳು ಮುಂದೆ ತಗಲಬಾರದು, ಹತ್ತುವಾಗ ಹಿಮ್ಮಡಿ ಏಳಬಾರದು. ಇವರು ಕೇಳಿಯೇ ಕೇಳಿದರು: ಎಷ್ಟು ವರ್ಷ ಬಾಳಿಕೆ ಬರುತ್ತವೆ? ಅವಳು ತಿರುಗಿ ಕೇಳಿದಳು: ಎಷ್ಟು ನಡೆಯುತ್ತೀರಿ? ಇವರು ಹಣ ಕೊಟ್ಟು ಅವನ್ನು ಹಾಕಿಕೊಂಡೇ ಹೊರಗೆ ಬಂದರು. ಮರುದಿನದಿಂದ ರೈತು ಬಜಾರಿಗೂ ಅವೇ. ಪರ್ವತಾರೋಹಿಯ ಪಾದರಕ್ಷೆ ಧರಿಸಿ ಮೆಂತ್ಯದ ಸೊಪ್ಪು ಆರಿಸುವ ಇವರನ್ನು ಕಂಡು ಅಕ್ಕಪಕ್ಕದವರು ನಗುತ್ತಿದ್ದರು. ಇವರು ನಗುತ್ತಿರಲಿಲ್ಲ, ಬೂಟನ್ನು ಹದಗೊಳಿಸುತ್ತಿದ್ದರು.

ನನ್ನ ಆಪರೇಷನ್ನಿಗೆ ಹದಿನೈದು ದಿನವಿರುವಾಗ ಮತ್ತೆ ಅನಂತಗಿರಿಗೆ ಹೋದೆವು. ಆಟೋ ಇಳಿದವರೇ ಮೊದಲು ತೋಟದ ಮನೆಯ ಬಳಿ ಹೋಗಿ ಹುಲಿಗೆಮ್ಮನನ್ನು ವಿಚಾರಿಸಿದೆವು. ಗೋಡೆ ಮುಗಿದಿತ್ತು, ತಂಡ ಶಂಶಾಬಾದಿನ ಕಡೆ ಹೋಗಿತ್ತು, ಅಲ್ಲಿ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಗೋಡೆಯನ್ನು ಒಮ್ಮೆ ಕೈಯಿಂದ ಸವರಿದೆ. ನೆಟ್ಟಗಿತ್ತು.

ಅರ್ಧ ದಾರಿಯಲ್ಲಿ ನನ್ನ ಕಾಲು ಸಾಕೆಂದಿತು. ಒಂದು ಹುಣಸೆ ಮರದ ಬೇರಿನ ಮೇಲೆ ಕುಳಿತೆ. ಮೇಲೆ ಮೋಡ ಕವಿಯುತ್ತಿತ್ತು. ಇನ್ನು ಇವರು “ಮೋಡ ಐತಿ, ಹಿಂದ ಹೋಗೂಣು” ಎನ್ನುತ್ತಾರೆಂದು ಕಾದೆ. ಅವರು ಆಕಾಶ ನೋಡಿದರು, ನನ್ನನ್ನು ನೋಡಿದರು.

“ನೀ ಕೂಡು, ಗಿರಿಜಾ. ನಾ ನೋಡಿ ಬಂದ ಹೇಳತೀನಿ” ಎಂದರು.

ಹೋದರು. ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಬೇಡಿ ಎನ್ನುತ್ತಿದ್ದೆನೋ ಏನೋ. ಮಳೆ ಬಂತು, ಹೋಯಿತು, ಬಿಸಿಲು ನನ್ನ ಸೆರಗನ್ನು ಆರಿಸಿತು. ಒಂದು ಗಂಟೆಯ ಮೇಲೆ, ತಲೆಯಿಂದ ಕಾಲವರೆಗೆ ನೀರು ಸೋರಿಸುತ್ತ, ಕನ್ನಡಕವನ್ನು ಕೈಯಲ್ಲಿ ಹಿಡಿದು ಇಳಿದು ಬಂದರು.

“ಏನ ಕಂಡ್ರಿ?” ಎಂದೆ.

“ಏನೂ ಕಾಣ್ಲಿಲ್ಲ” ಎಂದರು. “ಎಲ್ಲಾ ಮೋಡ. ನನ್ನ ಕೈ ನನಗ ಕಾಣವಲ್ದಾಗಿತ್ತು.” ಪಕ್ಕದಲ್ಲಿ ಕುಳಿತು ನನ್ನ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ಭಾಳ ಛಲೋ ಇತ್ತು.”

ಮೊದಲಿನಿಂದ ಹೇಳಿ ಎಂದೆ. ಮಿತಭಾಷಿಗಳಾದ ನಮ್ಮ ಮನೆಯವರು ಬಸ್ಸು ಹತ್ತಿದಲ್ಲಿಂದ ಮೆಹದಿಪಟ್ಟಣಂ ಬರುವವರೆಗೆ, ಒಂದನ್ನೂ ಬಿಡದೆ, ಏನೇನು ಕಾಣಲಿಲ್ಲವೆಂದು ಹೇಳಿದರು.