ಕಾವಲಿಗಿದ್ದವರನ್ನೇ ತೊಳೆದು ಹಾಕಿದೆವು

ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳನ್ನು ವರ್ಗದ ಹೊರಗೆ ನಿಲ್ಲಿಸಿದವಳು ನಾನು. ಹೋದ ತಿಂಗಳು ನಿಪ್ಪಾಣಿಯ ಡಾಕ್ಟರೊಬ್ಬರು ನನ್ನನ್ನೇ ಹೊರಗೆ ಕೂರಿಸಿದರು.

ತಪ್ಪು ನನ್ನದೇ.

ಸೊಸೆ ಸುಜಾತಾಗೆ ಆಗ ಏಳು ತಿಂಗಳು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. ಏಳಕ್ಕೇ ನೋವೇ? ಮಗ ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲಿದ್ದ. ಎಸ್‌ಟಿಡಿ ಬೂತಿನಿಂದ ಅವನಿಗೆ ಸುದ್ದಿ ಮುಟ್ಟಿಸಿ, ಪಕ್ಕದ ಮನೆಯವರ ಜೀಪಿನಲ್ಲಿ ಚಿಕ್ಕೋಡಿಯಿಂದ ಅವಳನ್ನು ನಾನೇ ಕರೆದೊಯ್ದೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಒಂದೊಂದು ಗಾಡಿ ದಾಟುವಾಗಲೂ, ಕೂಸು ಇಲ್ಲೇ ಹುಟ್ಟಿಬಿಟ್ಟರೆ ಏನು ಗತಿ ಎಂದು ಅವಳ ಮುಖ ನೋಡುತ್ತಿದ್ದೆ.

ಡಾಕ್ಟರು ಹೆಂಗಸು. ಅರ್ಧ ಕನ್ನಡ, ಅರ್ಧ ಮರಾಠಿ. ಅವರು ಸುಜಾತಾಳನ್ನು ಕೇಳಿದರು, ನಾನು ಉತ್ತರ ಕೊಟ್ಟೆ.

"ಊಟಾ ಸೇರ್ತೈತೇನವಾ?"

"ಚಲೋ ಉಣ್ತಾಳ್ರಿ."

"ನಿದ್ದಿ?"

"ಮಾಡ್ತಾಳ್ರಿ."

"ಉರಿ ಏನರ ಐತೇನು?"

"ಅಂಥಾದ್ದೇನಿಲ್ರಿ. ನಮ್ಮ ಮನ್ಯಾಗ ಸ್ವಚ್ಛತಾ ಭಾಳ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬಾಯಿ, ಪೇಶಂಟ್ ಯಾರು? ತುಮ್ಹಿ ಜರಾ ಬಾಹೇರ್ ಬಸಾ."

ಹೊರಗೆ ಹೋಗಿ ಕೂತೆ. (ಬೆಂಚಿನ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಎದ್ದು ನಮಸ್ಕಾರ ಮಾಡಿದಳು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.)

ಹತ್ತು ನಿಮಿಷ ಬಿಟ್ಟು ಒಳಗೆ ಕರೆದರು. ಸುಜಾತಾಳ ಕಣ್ಣು ಕೆಂಪಾಗಿತ್ತು. ಅವಳಿಗೆ ಎರಡು ತಿಂಗಳಿಂದ ಉರಿ ಇತ್ತಂತೆ. ಒಂದೇ ಸೂರಿನ ಕೆಳಗಿದ್ದ ನನಗೆ ಗೊತ್ತಿಲ್ಲ!

ಬಸುರಿನಲ್ಲಿ ಬಿಳಿ ಹೋಗುವುದು ಸ್ವಲ್ಪ ಹೆಚ್ಚಾಗುತ್ತದೆ. ಅದು ಸಹಜ. ಸುಜಾತಾ ಅದನ್ನು ಹೊಲಸು ಎಂದುಕೊಂಡಳು. ಯಾರನ್ನು ಕೇಳಬೇಕಿತ್ತು? ನನ್ನನ್ನೇ? ಮದುವೆಯಾಗಿ ಬಂದ ವಾರವೇ ನಾನು ಬಚ್ಚಲ ಗೂಡಿನಲ್ಲಿದ್ದ ಔಷಧದ ಬಾಟ್ಲಿ ತೋರಿಸಿ, "ನೀರಿಗೆ ಎರಡು ಹನಿ ಹಾಕ್ಕೋಬೇಕ ನೋಡವಾ, ಒಂದ ಕ್ರಿಮಿ ಇರಬಾರದು" ಎಂದು ತಾಕೀತು ಮಾಡಿದ್ದೆ. ಪಾಪ, ಅವಳು ಆ ನೀರಿನಿಂದ ದಿನಕ್ಕೆ ಎರಡು ಸಲ ಒಳಗೆಲ್ಲ ತೊಳೆದುಕೊಂಡಳು. ಉರಿ ಶುರುವಾಯಿತು. ಸಾಲದೇನೋ ಎಂದು ಮೂರು ಸಲ ತೊಳೆದಳು.

"ಅಲ್ಲಿ ಬ್ಯಾಕ್ಟೀರಿಯಾ ಇರಬೇಕ್ರಿ ಬಾಯಿ" ಎಂದರು ಡಾಕ್ಟರು. "ಮಸರಿನ್ಯಾಗ ಇರ್ತಾವಲ್ಲ, ಅದ ಬಳಗದ್ದು. ಬಸರಿದ್ದಾಗ ಅವು ಇನ್ನಷ್ಟು ಹೆಚ್ಚಾಗ್ತಾವ. ಜಾಗಾ ಹುಳಿ ಮಾಡಿ ಇಡ್ತಾವ, ಕೆಟ್ಟವು ಒಳಗ ಬರದಂಗ. ಕೂಸಿಗೆ ಕಾವಲ ಅವು. ಇಕಿ ಅವನ್ನ ತೊಳದ ಹಾಕ್ಯಾಳ. ಕೆಟ್ಟವು ಬಂದು ಕುಂತಾವ. ನೋವು ಅದರಿಂದನ ಇರಬೇಕು."

ನಾನು ವಿಜ್ಞಾನ ಕಲಿಸಿದವಳು, ಗೊತ್ತಲ್ಲ? 'ಹಾಲು ಮೊಸರಾಗಲು ಕಾರಣವೇನು?' ಎಂಬ ಎರಡು ಅಂಕದ ಪ್ರಶ್ನೆಯನ್ನು ಎಷ್ಟು ವರ್ಷ ಕೊಟ್ಟಿಲ್ಲ! ಬ್ಯಾಕ್ಟೀರಿಯಾ ಎಂದು ಬರೆದವರಿಗೆ ಪೂರ್ತಿ ಅಂಕ ಹಾಕುತ್ತಿದ್ದೆ. ಮನೆಗೆ ಬಂದು ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಒಂದೇ ಬಾಟ್ಲಿಯಲ್ಲಿ ಕೊಲ್ಲುತ್ತಿದ್ದೆ.

ಅಡ್ಮಿಟ್ ಮಾಡಿಕೊಂಡರು. ಸಲೈನು, ಮಾತ್ರೆ, ಮಲಗಿದಲ್ಲೇ ಎಲ್ಲ. ಈಗಲೇ ಹುಟ್ಟಿದರೆ ಕೂಸನ್ನು ಉಳಿಸುವುದು ಕಷ್ಟ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ನಾನು ಕಾಟಿನ ಪಕ್ಕ ಕೂತೆ. ಕೆಲಸವಿಲ್ಲದ ತಲೆ, ಹದಿನೈದು ದಿನ ಹಿಂದಿನ ಕುಬುಸದ ಕಾರ್ಯಕ್ರಮವೇ ಕಣ್ಣ ಮುಂದೆ.

ಜೋಕಾಲಿ ಕಟ್ಟಿಸಿದ್ದೆ, ಹೂವಿನ ದಂಡೆ, ಹೂವಿನ ಬಾಜೂಬಂದು. ಐಗಳಿಯಿಂದ ಬೀಗರು ಬುಟ್ಟಿಗಟ್ಟಲೆ ದ್ರಾಕ್ಷಿ ತಂದಿದ್ದರು. ಮುಚ್ಚಿದ ಎರಡು ಬಟ್ಟಲು ಮುಂದಿಟ್ಟು ಹೆಂಗಸರೆಲ್ಲ ಪೇಡೆಯೋ ಬರ್ಫಿಯೋ ಎಂದು ಗದ್ದಲ ಹಾಕಿದರು. ಪೇಡೆ ಬಂದರೆ ಗಂಡಂತೆ! ಆ ಗದ್ದಲದಲ್ಲಿ ಸುಜಾತಾ ನನ್ನ ಸೆರಗು ಹಿಡಿದು, "ಅತ್ತಿ, ಒಂದೀಟ ಎದ್ದು ಹೋಗಿ ಬರ್ಲೇನ್ರಿ?" ಎಂದಿದ್ದಳು.

"ಫೋಟೋ ಮುಗೀಲಿ ತಡಿ" ಎಂದಿದ್ದೆ.

ಐದು ತಿಂಗಳಿಂದ ಓಣಿಗೆ ಓಣಿಯೇ ಅವಳನ್ನು 'ಏನ ತಿನಬೇಕನಸ್ತೈತಿ?' ಎಂದು ಕೇಳಿದೆ. ಹುಣಸೆಕಾಯಿ ಬಂತು, ಕರಚಿಕಾಯಿ ಬಂತು, ಯಾರೋ ಕೊಲ್ಹಾಪುರದಿಂದ ಚಿವಡಾ ತಂದುಕೊಟ್ಟರು. ಏನು ಉರಿಯುತ್ತದೆ, ಎಲ್ಲಿ ತುರಿಸುತ್ತದೆ ಎಂದು ಒಬ್ಬರಾದರೂ ಕೇಳಿದೆವೇ? ಕೇಳಿದರೆ ನಮ್ಮ ಮರ್ಯಾದೆ ಏನಾಗಬೇಕು!

ಮೂರನೆಯ ದಿನ ನೋವು ನಿಂತಿತು. ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕರು. ನಾನು ವರಾಂಡಕ್ಕೆ ಹೋಗಿ ಅತ್ತು ಬಂದೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಈಗ ಎಂಟು ತುಂಬಿದೆ. ಸುಜಾತಾಗೆ ಪೂರ್ತಿ ವಿಶ್ರಾಂತಿ. ರೊಟ್ಟಿ ನನ್ನ ಪಾಲಿಗೆ ಬಂದಿದೆ. (ದಪ್ಪಗಾಗುತ್ತವೆ. ಮಗ ಮಾತಾಡದೆ ಉಣ್ಣುತ್ತಾನೆ.) ಮೊನ್ನೆ ಮಧ್ಯಾಹ್ನ ಅವಳ ತಲೆಗೆ ಎಣ್ಣೆ ಹಚ್ಚುತ್ತಾ, ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಈಗ ಉರಿ ಐತೇನವಾ?"

ಅವಳು ಮೊದಲು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಇಲ್ರಿ ಅತ್ತಿ, ಪೂರಾ ಹೋಗೇತಿ." ನನ್ನ ಕಡೆ ತಿರುಗಿ, "ನಿಮಗೂ ಇತ್ತೇನ್ರಿ, ಆವಾಗ?" ಎಂದಳು.

ಇತ್ತು. ನನ್ನ ಮೊದಲ ಕೂಸು ಏಳಕ್ಕೇ ಹುಟ್ಟಿತು. ಒಂದು ಹಗಲು ಇತ್ತು, ಅಷ್ಟೆ. ದೃಷ್ಟಿ ತಾಗಿತು ಎಂದರು, ನಾನೂ ಹಾಗೇ ನಂಬಿದೆ. ಕಾರಣ ಇದೇ ಇತ್ತೋ, ಬೇರೆ ಏನೋ, ಈಗ ಯಾರು ಹೇಳಬೇಕು? ಆದರೆ ಉರಿ ಇದ್ದದ್ದು ನಿಜ. ನನ್ನ ಅತ್ತೆಗೆ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಇದನ್ನೆಲ್ಲ ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ, ಅದೂ ಸೊಸೆಗೆ. ಅವಳು ನನ್ನ ಎಣ್ಣೆಗೈಯನ್ನೇ ಹಿಡಿದುಕೊಂಡು ಕೂತಳು.

ಇಷ್ಟು ಸಣ್ಣ ಮಾತನ್ನು ಕೇಳುವುದಕ್ಕೆ ನಾವು ಇನ್ನೆಷ್ಟು ಕೂಸುಗಳನ್ನು ಕಳೆದುಕೊಳ್ಳಬೇಕು, ಅತ್ತೆಯಂದಿರೇ?